ಧ್ರುವದ ಕೋಣೆಯ ಹಸನಬ್ಬನವರು

ಮಸ್ಕತ್ತಿನ ಜೂನ್ ತಿಂಗಳ ಮಧ್ಯಾಹ್ನ, ರಸ್ತೆಯ ಡಾಂಬರು ಚಪ್ಪಲಿಗೆ ಅಂಟಿಕೊಳ್ಳುವ ಹೊತ್ತಿನಲ್ಲಿ, ಉಣ್ಣೆಯ ಸ್ವೆಟರ್ ತೊಟ್ಟು ಅಲ್ ಖುವೈರಿನ ಹೆದ್ದಾರಿಯ ಬದಿಯಲ್ಲಿ ನಡೆದು ಬರುತ್ತಿದ್ದ ಒಬ್ಬರೇ ಒಬ್ಬ ಮನುಷ್ಯರನ್ನು ನಾನು ಕಂಡಿದ್ದೇನೆ. ಬೂದುಬಣ್ಣದ ಆ ಸ್ವೆಟರ್ ಅವರ ಅಳತೆಗಿಂತ ಬಹಳ ದೊಡ್ಡದು. ತೋಳುಗಳನ್ನು ಎರಡು ಸುತ್ತು ಮಡಚಿದ್ದರೂ ಬೆರಳ ತುದಿಗಳಷ್ಟೇ ಹೊರಗೆ ಕಾಣುತ್ತಿದ್ದವು. ಸಿಗ್ನಲ್ಲಿನಲ್ಲಿ ನಿಂತ ಟ್ಯಾಕ್ಸಿಯವರು ಕಿಟಕಿ ಇಳಿಸಿ ಅವರನ್ನು ನೋಡಿ ನಗುತ್ತಿದ್ದರು. ಅವರೂ ಸಂತೋಷದಿಂದಲೇ ಕೈಯೆತ್ತಿ ಸಲಾಂ ಹೇಳುತ್ತಿದ್ದರು. ಆ ಕೈಯನ್ನು ಹಿಡಿದು ಕುಲುಕಿದವರಿಗೆ ಮಾತ್ರ ಒಂದು ಸಂಗತಿ ಗೊತ್ತಿತ್ತು: ಎಂಥ ಬೇಸಗೆಯಲ್ಲಿಯೂ ಅದು ಬಾವಿಯ ನೀರಿನಂತೆ ತಣ್ಣಗಿರುತ್ತಿತ್ತು.

ಹಸನಬ್ಬನವರು ನಮ್ಮ ಸರ್ವೇ ಕಂಪನಿಯಲ್ಲಿ ನಕಾಶೆ ಬರೆಯುವವರು. ಟ್ರೇಸಿಂಗ್ ಹಾಳೆಯ ಮೇಲೆ ಬೆವರಿನ ಒಂದು ಹನಿ ಬಿದ್ದರೂ ಶಾಯಿ ಹರಡಿ ವಾರದ ಕೆಲಸ ಹಾಳಾಗುವುದರಿಂದ ಅವರ ಕೋಣೆಯ ಏಸಿಯನ್ನು ಹಗಲೆಲ್ಲ ಪೂರ್ಣ ತಂಪಿನಲ್ಲಿ ಇಡುತ್ತಿದ್ದರು. ಆಫೀಸಿನವರೆಲ್ಲ ಅದಕ್ಕೆ ಉತ್ತರಧ್ರುವವೆಂದು ಹೆಸರಿಟ್ಟಿದ್ದರು. ಕಡತವೊಂದನ್ನು ಕೊಡಲು ಒಳಗೆ ಹೋದವರು ಕೈಯುಜ್ಜಿಕೊಳ್ಳುತ್ತ ಹೊರಗೆ ಓಡಿ ಬರುತ್ತಿದ್ದರು. ಆ ಕಡತಗಳನ್ನು ಕಾಯುವ ಕೆಲಸ ನನ್ನದು. ಉಡುಪಿಯ ಸಂಸ್ಕೃತ ಪಾಠಶಾಲೆಯಲ್ಲಿ ಹನ್ನೆರಡು ವರ್ಷ ಕಾವ್ಯ, ವ್ಯಾಕರಣ, ಜ್ಯೋತಿಷಗಳನ್ನು ಓದಿದವನು ಟೈಪಿಂಗ್ ಕಲಿತು ಒಮಾನಿನ ಕಂಪನಿಯೊಂದರ ದಫ್ತರ ಸೇರಿದ್ದು ಹೇಗೆಂಬುದು ಬೇರೆಯೇ ಕಥೆ. ಎಂಬತ್ತರ ದಶಕದ ಆರಂಭದ ಆ ದಿನಗಳಲ್ಲಿ ನಮ್ಮ ಕಡೆಯವರನೇಕರು ಹೀಗೆಯೇ, ಕಲಿತದ್ದನ್ನು ಪೆಟ್ಟಿಗೆಯ ತಳದಲ್ಲಿಟ್ಟುಕೊಂಡು ಅಲ್ಲಿಗೆ ಬಂದಿದ್ದೆವು.

ನಾನು ಅವರನ್ನು ಮೊದಲು ಗಮನಿಸಿದ್ದು ಅವರ ಶುಚಿತ್ವದಿಂದ. ಹಾಳೆಯನ್ನು ಮುಟ್ಟುವ ಮೊದಲು ಅವರು ಮೊಣಕೈವರೆಗೆ ಕೈ ತೊಳೆದು, ಬಿಳಿಯ ಬಟ್ಟೆಯಲ್ಲಿ ಒಂದೊಂದೇ ಬೆರಳನ್ನು ಒರೆಸಿ, ಕಣ್ಣು ಮುಚ್ಚಿ ಬಿಸ್ಮಿಲ್ಲಾ ಹೇಳಿ ಪೆನ್ನು ಎತ್ತುತ್ತಿದ್ದರು. ಸಂಧ್ಯಾವಂದನೆಯನ್ನು ಬಿಡದ ನನಗೆ ಆ ಕ್ರಮವನ್ನು ಕಂಡು ಗೌರವ ಹುಟ್ಟಿತು. ಮಂಗಳೂರಿನ ಉತ್ತರಕ್ಕಿರುವ ಒಂದು ಕಡಲಕರೆಯ ಬ್ಯಾರಿ ಮನೆತನದವರು ಅವರು. ನನಗಿಂತ ಮೂರು ನಾಲ್ಕು ವರ್ಷ ಚಿಕ್ಕವರು. ನಮ್ಮಿಬ್ಬರ ಮಾತು ತುಳುವಿನಲ್ಲಿ ಆರಂಭವಾಗಿ, ಯಾವುದಾದರೂ ಗಹನವಾದ ವಿಷಯ ಬಂದೊಡನೆ ಕನ್ನಡಕ್ಕೆ ತಿರುಗುತ್ತಿತ್ತು.

ಅವರದೊಂದು ನಿಯಮವಿತ್ತು. ಕಾಲು ಮುಟ್ಟದ ಕಡೆ ಪೆನ್ನು ಮುಟ್ಟಬಾರದು. ಒಮ್ಮೆ ಬುರೈಮಿಯ ದಾರಿಯ ಒಂದು ಹಾಳೆಯಲ್ಲಿ ಎರಡು ಗುಡ್ಡಗಳ ನಡುವೆ ವಾದಿಯ, ಎಂದರೆ ಮಳೆ ಬಂದಾಗಷ್ಟೇ ಹರಿಯುವ ಆ ದೇಶದ ಒಣಹೊಳೆಯ, ಗೆರೆ ನಿಂತುಹೋಗಿತ್ತು. ಮುಖ್ಯ ಇಂಜಿನಿಯರರು ಧ್ರುವದ ಕೋಣೆಗೆ ಬಂದು ನಡುಗುತ್ತಲೇ ಕೇಳಿದರು.

"ಈ ಕಡೆ ಉಂಟು, ಆ ಕಡೆ ಉಂಟು. ನಡುವೆ ಹೊಳೆ ಹಾರಿಹೋಗುತ್ತದಾ? ಎಳೆದುಬಿಡಿ, ಖಲಾಸ್."

"ಸರ್ವೇಯರ್ ಅಲ್ಲಿಗೆ ಹೋದದ್ದಿಲ್ಲ ಸರ್."

"ನಾಡಿದ್ದು ಮಿನಿಸ್ಟ್ರಿಗೆ ಕೊಡಬೇಕು, ಹಸನಬ್ಬ."

"ಕೊಡುವ ಸರ್. ಖಾಲಿ ಇಟ್ಟೇ ಕೊಡುವ. ಅಳತೆ ಆಗಿಲ್ಲ ಅಂತ ಕೆಳಗೆ ಬರೆದಿದ್ದೇನೆ, ಚಂದ ಅಕ್ಷರದಲ್ಲಿ."

ಹಾಳೆ ಹಾಗೆಯೇ ಹೋಯಿತು. ಮುಂದಿನ ತಿಂಗಳು ಸರ್ವೇಯರ್ ಹೋಗಿ ಅಳೆದು ಬಂದಾಗ ಆ ವಾದಿ ಇಂಜಿನಿಯರರು ಹೇಳಿದ ಹಾಗೆಯೇ, ನೂಲು ಹಿಡಿದಂತೆ ನೇರವಾಗಿ ಹರಿದಿತ್ತು. "ನಾನು ಹೇಳಿರಲಿಲ್ಲವಾ?" ಎಂದು ಇಂಜಿನಿಯರರು ಗೆದ್ದವರಂತೆ ನಕ್ಕರು. ಹಸನಬ್ಬನವರು ಕೈ ತೊಳೆದು ಬಂದು, "ಹೇಳಿದ್ರಿ ಸರ್. ಈಗ ಎಳೀಬಹುದು" ಎಂದು ಪೆನ್ನು ಎತ್ತಿಕೊಂಡರು.

ಇಂಥವರಿಗೆ ಆರ್ಕ್ಟಿಕ್ ಪ್ರದೇಶದ ಹುಚ್ಚು ಹಿಡಿದದ್ದು ಆ ಸ್ವೆಟರಿನ ಜೊತೆಯಲ್ಲಿ. ಕೆಲಸ ಮುಗಿಸಿ ಊರಿಗೆ ಹೊರಟ ಒಬ್ಬ ಆಂಗ್ಲ ಸರ್ವೇಯರ್ ತನ್ನ ಸ್ವೆಟರನ್ನು, ಹಾಗೆಯೇ ರಟ್ಟು ಕಳಚಿದ ಒಂದು ದೊಡ್ಡ ಪುಸ್ತಕವನ್ನು ಅವರಿಗೆ ಕೊಟ್ಟುಹೋಗಿದ್ದ. ಪುಸ್ತಕದ ತುಂಬ ಉತ್ತರಧ್ರುವದ ಹಳೆಯ ನಕಾಶೆಗಳು. ನಾಲ್ಕು ನೂರು ವರ್ಷಗಳಲ್ಲಿ ಯುರೋಪಿನವರು ಒಬ್ಬರ ನಂತರ ಒಬ್ಬರು ಬರೆದವು. ಹಸನಬ್ಬನವರು ಹಿಮವನ್ನು ಕಂಡವರಲ್ಲ. ಆದರೂ ರಜೆಯ ದಿನಗಳಲ್ಲಿ ಕುಳಿತು ಆ ನಕಾಶೆಗಳನ್ನೆಲ್ಲ ಒಂದೇ ಅಳತೆಗೆ ತಂದು, ಒಂದೊಂದನ್ನೂ ಒಂದೊಂದು ಟ್ರೇಸಿಂಗ್ ಹಾಳೆಗೆ ಇಳಿಸಿದ್ದರು. ಹದಿನೇಳು ಹಾಳೆಗಳು.

ಅವುಗಳಲ್ಲಿ ಅತ್ಯಂತ ಹಳೆಯದನ್ನು ಅವರು ನನಗೆ ಮೊದಲ ಬಾರಿ ತೋರಿಸಿದಾಗ ನಾನು ಕೈ ಮುಗಿದೆ. ಭೂಮಿಯ ಶಿರಸ್ಸಿನಲ್ಲಿ, ಧ್ರುವದ ಬಿಂದುವಿನಲ್ಲಿ, ಒಂದು ಮಹಾಪರ್ವತ. ಅದರ ಸುತ್ತ ಜಲ. ಜಲದ ಸುತ್ತ ತಾವರೆಯ ಎಸಳುಗಳಂತೆ ನಾಲ್ಕು ದ್ವೀಪಗಳು, ಅವುಗಳನ್ನು ಬೇರ್ಪಡಿಸುವ ನಾಲ್ಕು ನದಿಗಳು. ನಾನು ಬಾಲ್ಯದಿಂದ ಪಠಿಸುತ್ತ ಬಂದ ಮೇರುವಿನ ವರ್ಣನೆಯೇ ಅದು. ಅಲ್ಲಿ ದೇವತೆಗಳಿಗೆ ಆರು ತಿಂಗಳು ಹಗಲು, ಆರು ತಿಂಗಳು ಇರುಳೆಂದು ನಮ್ಮ ಜ್ಯೋತಿಷಗ್ರಂಥಗಳು ಹೇಳುವುದನ್ನು ಅವರಿಗೆ ವಿವರಿಸಿದೆ.

ಅವರು ಗಮನವಿಟ್ಟು ಕೇಳಿ, ಮೆಲ್ಲಗೆ ಹೇಳಿದರು: "ಆದ್ರೆ ಭಟ್ರೇ, ನಿಮ್ಮ ಬೆಟ್ಟದಿಂದ ನದಿ ಹೊರಗೆ ಹರೀತದೆ ಅಂದ್ರಿ. ಈ ನಕಾಶೆ ಬರೆದವನದ್ದರಲ್ಲಿ ಒಳಗೆ ಹರೀತದೆ ನೋಡಿ. ಮತ್ತೆ ಈ ದ್ವೀಪದಲ್ಲಿ ನಾಲ್ಕಡಿ ಎತ್ತರದ ಕುಳ್ಳರು ಇದ್ದಾರಂತೆ. ನಿಮ್ಮದ್ದರಲ್ಲಿ ಅವರು ಉಂಟಾ?"

ಕುಳ್ಳರು ನನಗೆ ನೆನಪಿರಲಿಲ್ಲ. ಆದರೂ ಉತ್ಸಾಹ ಇಳಿಯಲಿಲ್ಲ. ಶುಕ್ರವಾರ ಬೆಳಿಗ್ಗೆ ಅಲ್ ಅಜೈಬಾದ ನಮ್ಮ ಫ್ಲಾಟಿನಲ್ಲಿ ಊರಿನ ಮಕ್ಕಳಿಗೆ ನಾನು ಸ್ತೋತ್ರ ಹೇಳಿಕೊಟ್ಟು ಪುರಾಣದ ಕಥೆ ಹೇಳುತ್ತಿದ್ದೆ. ಆ ವಾರ ಹಸನಬ್ಬನವರನ್ನೂ ಕರೆದು, ಪಾಶ್ಚಾತ್ಯರು ಮೇರುವನ್ನು ಬರೆದ ನಕಾಶೆಯನ್ನು ತೋರಿಸಬೇಕೆಂದು ಕೇಳಿಕೊಂಡೆ. ಅವರು ಗಾಜಿನ ಹಲಗೆ, ಅದರ ಕೆಳಗಿಡುವ ದೀಪ, ಹದಿನೇಳು ಹಾಳೆಗಳ ಕಟ್ಟು ಎಲ್ಲವನ್ನೂ ಹೊತ್ತು ತಂದರು. ಮೊದಲ ಹಾಳೆಯನ್ನಿಟ್ಟಾಗ ನಾನು ನನ್ನ ವ್ಯಾಖ್ಯಾನ ಮುಗಿಸಿದೆ, ಹಿರಿಯರು ತಲೆದೂಗಿದರು. ಅಷ್ಟಕ್ಕೆ ನಿಲ್ಲಬೇಕೆಂದು ನಾನು ಅವರಿಗೆ ಹೇಳಿರಲಿಲ್ಲ. ಅವರು ಎರಡನೆಯ ಹಾಳೆಯನ್ನಿಟ್ಟರು. ಒಂದು ದ್ವೀಪ ಹೋಯಿತು. ನಾಲ್ಕನೆಯದರಲ್ಲಿ ನದಿಗಳು ಹೋದವು. ಏಳನೆಯದರಲ್ಲಿ ಪರ್ವತವೇ ಇರಲಿಲ್ಲ. ಹಾಳೆಯಿಂದ ಹಾಳೆಗೆ ಬಿಳುಪು ಬೆಳೆಯಿತು. ಬೆಳೆದ ಬಿಳುಪನ್ನು ಆಮೇಲೆ ಅಂಚಿನಿಂದ ಸಣ್ಣ ಸಣ್ಣ ಗಟ್ಟಿ ಗೆರೆಗಳು ತಿನ್ನುತ್ತ ಬಂದವು. ಕೊನೆಯ ಹಾಳೆಯಲ್ಲಿ ಧ್ರುವದ ಬಿಂದುವಿನಲ್ಲಿ ಇದ್ದದ್ದು ಸಮುದ್ರ, ಅದರ ಮೇಲೆ ತೇಲುವ ಹಿಮ.

"ಸೋ ದೇರ್ ಈಸ್ ನೋ ಮೌಂಟನ್, ಅಂಕಲ್?" ಎಂದು ಒಂದು ಹುಡುಗಿ ನನ್ನನ್ನೇ ಕೇಳಿದಳು.

ಆ ದಿನ ಅವರನ್ನು ಬಸ್ಸಿನವರೆಗೆ ಬಿಡಲು ಹೋದೆ. ಅವರೇ ಮಾತೆತ್ತಿದರು.

"ಬೇಜಾರಾಯ್ತಾ ಭಟ್ರೇ? ನಿಮ್ಮ ಮೇರು ಧ್ಯಾನ ಮಾಡ್ಲಿಕ್ಕೆ ಇರುವಂಥದ್ದು. ಅದನ್ನು ಅಳಿಸ್ಲಿಕ್ಕೆ ಶಾಯಿ ಕೆರೆಯುವ ನನ್ನ ಬ್ಲೇಡಿನಿಂದ ಆಗ್ಲಿಕ್ಕಿಲ್ಲ. ಈ ನಕಾಶೆಯವನು ಬರೆದದ್ದು ಹಡಗಿನವರಿಗೆ, ಕಷ್ಟ ಅದೊಂದೇ."

"ಸುಳ್ಳುಗಾರ ಎನ್ನುತ್ತೀರಾ ಅವನನ್ನು?"

"ಚೆ, ಇಲ್ಲ. ಅವನಿಗೆ ಖಾಲಿ ಜಾಗ ನೋಡ್ಲಿಕ್ಕೆ ಹೆದರಿಕೆ. ಪಾಪ, ಒಳ್ಳೆಯ ಮನುಷ್ಯನೇ."

ಅವರ ಬಾಳಿನ ಖಾಲಿ ಜಾಗ ಯಾವುದೆಂದು ನನಗೆ ತಿಳಿದದ್ದು ಬುರೈಮಿಗೆ ನಕಾಶೆಗಳನ್ನು ಒಯ್ದ ಒಂದು ದಿನ. ಕಾರು ನಡೆಸುತ್ತಿದ್ದವನು ಆಫೀಸಿನ ಡ್ರೈವರ್ ಶೇಖರ ಪೂಜಾರಿ. ಕಲ್ಲುಹಾಸಿನಂಥ ಬಯಲಿನ ಆಚೆ, ಬಿಸಿಲಿನ ಉರಿಯಲ್ಲಿ, ದಿಗಂತದುದ್ದಕ್ಕೂ ನೀಲಿಯ ಒಂದು ಬೆಟ್ಟಸಾಲು ಎದ್ದಿತ್ತು. ಅದರ ಬುಡದಲ್ಲಿ ನೀರು. ಹತ್ತಿರ ಹೋದಂತೆ ನೀರೂ ಬೆಟ್ಟವೂ ಕರಗಿದವು.

"ಹಸನಬ್ಬಾಕ, ಅದನ್ನು ಮ್ಯಾಪಿಗೆ ಹಾಕುವುದಿಲ್ಲವಾ?" ಎಂದು ಶೇಖರ ಚುಚ್ಚಿದ.

"ಹಾಕಿದವ ಒಬ್ಬ ಇದ್ದ ಮಾರಾಯ" ಎಂದು ಅವರು ಕಥೆ ಆರಂಭಿಸಿದರು. ಹಿಮದ ಸಮುದ್ರದಲ್ಲಿಯೂ ಹೀಗೆಯೇ ಮರೀಚಿಕೆ ಏಳುತ್ತದಂತೆ. ಏಷ್ಯಕ್ಕೆ ಉತ್ತರದ ದಾರಿ ಹುಡುಕಿ ಹೊರಟ ಒಬ್ಬ ನೌಕಾಪತಿ ಒಂದು ಜಲಸಂಧಿಯ ಬಾಯಿಗೆ ತಲುಪಿ, ಎದುರಿಗೆ ದಾರಿಯನ್ನು ಮುಚ್ಚಿ ನಿಂತ ಬೆಟ್ಟಸಾಲನ್ನು ಕಂಡ; ಅದಕ್ಕೊಂದು ಹೆಸರಿಟ್ಟು, ನಕಾಶೆಯಲ್ಲಿ ಬರೆದು, ಹಡಗನ್ನು ಹಿಂದಕ್ಕೆ ತಿರುಗಿಸಿದ. ಮರುವರ್ಷ ಹೋದ ಇನ್ನೊಬ್ಬನ ಹಡಗು ಆ ಬೆಟ್ಟಗಳಿದ್ದ ಕಡೆಯಲ್ಲಿಯೇ ತೆರೆದ ನೀರಿನಲ್ಲಿ ಸಾಗಿತು. "ಇಲ್ಲದ ಬೆಟ್ಟ ಬರೆದದ್ದರಿಂದ ಇದ್ದ ದಾರಿ ಮುಚ್ಚಿಹೋಯ್ತು ನೋಡಿ ಭಟ್ರೇ."

ದಾರಿಯಲ್ಲಿ ಒಂದು ಚಹದಂಗಡಿಯ ಮುಂದೆ ಕುಳಿತಾಗ ಅವರು ಇನ್ನೊಂದು ಕಥೆ ಹೇಳಿದರು. ಅದೇ ದಾರಿಯನ್ನು ಹುಡುಕಿಹೋದ ಎರಡು ಹಡಗುಗಳು ನೂರಕ್ಕೂ ಹೆಚ್ಚು ಜನರೊಂದಿಗೆ ಹಿಮದಲ್ಲಿ ಕಾಣೆಯಾದವು. ನಾಯಕನ ಹೆಂಡತಿ ಗಂಡ ಸತ್ತನೆಂದು ಒಪ್ಪದೆ ವರ್ಷಗಟ್ಟಲೆ ಹುಡುಕುವ ಹಡಗುಗಳನ್ನು ಕಳಿಸಿದಳು. ಹಾಗೆ ಹೋದವರು ಕಂಡ ಕರಾವಳಿಗಳಿಂದಲೇ ಆ ಕಡೆಯ ನಕಾಶೆ ತುಂಬಿತಂತೆ. ಇಷ್ಟು ಹೇಳಿ ಅವರು ಲೋಟವನ್ನು ಕೆಳಗಿಟ್ಟರು.

"ನಮ್ಮ ಉಮ್ಮನ ಹತ್ರ ಹಡಗು ಎಲ್ಲಿಂದ? ನನ್ನನ್ನೇ ಕಳಿಸಿದ್ರು."

ಅವರ ತಂದೆ ಮಂಜಿಯಲ್ಲಿ, ಎಂದರೆ ನಮ್ಮ ಕರಾವಳಿಯ ಸರಕಿನ ಹಾಯಿಹಡಗಿನಲ್ಲಿ, ಕೆಲಸಕ್ಕಿದ್ದವರು. ಮಂಗಳೂರಿನಿಂದ ಹೆಂಚು, ಮರ, ಮರಳುವಾಗ ಖರ್ಜೂರ. ಹಸನಬ್ಬನವರಿಗೆ ಒಂಬತ್ತು ವರ್ಷವಾಗಿದ್ದಾಗ ಹೋದ ಮಂಜಿ ಮರಳಲಿಲ್ಲ. ಒಮಾನಿನಲ್ಲಿ ಕೆಲಸ ಸಿಕ್ಕಿತೆಂದಾಗ ತಾಯಿ ಸಂಬಳವೆಷ್ಟೆಂದು ಕೇಳಲಿಲ್ಲ. "ಉಪ್ಪನ ಕಬರ್ ಎಲ್ಲಿ ಉಂಟು, ನೋಡಿ ಬಾ" ಎಂದು ತಂದೆಯ ಗೋರಿಯನ್ನು ಹುಡುಕಲು ಹೇಳಿದರು. ರಜೆ ಸಿಕ್ಕಾಗಲೆಲ್ಲ ಅವರು ಒಮಾನಿನ ಕರಾವಳಿಯ ಊರೂರು ತಿರುಗಿ, ಸ್ಮಶಾನಗಳಲ್ಲಿ ನಿಂತು, ಮುದಿ ನಾವಿಕರನ್ನು ಕೇಳಿ ಎರಡು ಸಂಗತಿಗಳನ್ನು ಸಂಪಾದಿಸಿದ್ದರು. ಮಂಜಿ ಊರಿಗೆ ಮರಳುವಾಗ ಸೂರ್ ಎಂಬ ಬಂದರಿನಲ್ಲಿ ಕುಡಿಯುವ ನೀರು ತುಂಬಿಸಿಕೊಂಡಿತ್ತು. ಆ ಸಂಜೆ ರಾಸ್ ಅಲ್ ಹದ್ದ್ ಎಂಬ ಭೂಶಿರದ ಆಚೆ ಅದರ ಹಾಯಿಯನ್ನು ಬೇರೊಂದು ಹಡಗಿನವರು ಕಂಡಿದ್ದರು. ಅಲ್ಲಿಂದ ಮುಂದೆ ಏನೂ ಇಲ್ಲ.

"ಪ್ರತಿ ಕಾಗದದಲ್ಲಿಯೂ ಅದೇ ಕೇಳ್ತಾರೆ, ಸಿಕ್ಕಿತಾ ಅಂತ. ನಾನು ಬರೀತೇನೆ, ಇನ್ನೂ ಇಲ್ಲ ಉಮ್ಮ. ಹನ್ನೊಂದು ವರ್ಷ ಆಯ್ತು, ಅದೊಂದೇ ವಾಕ್ಯ."

ತೊಂಬತ್ತರ ದಶಕ ಬಂದು ಒಂದೆರಡು ವರ್ಷಗಳು ಕಳೆದಿದ್ದವು. ಹಸನಬ್ಬನವರ ತಂಗಿ ಬೀಫಾತಿಮ ಕಾಗದ ಬರೆದಳು. ತಾಯಿ ಹಾಸಿಗೆ ಹಿಡಿದಿದ್ದಾರೆ, ಕಣ್ಣು ಪೂರಾ ಹೋಗಿದೆ, ಗಂಜಿ ಕೂಡ ಇಳಿಯುವುದಿಲ್ಲ. ಎಚ್ಚರವಾದಾಗಲೆಲ್ಲ ಕೇಳುವುದು ಅದೊಂದನ್ನೇ. ಒಂದು ಜಾಗದ ಹೆಸರು ಹೇಳಿಬಿಡು ಅಣ್ಣ, ಉಮ್ಮ ಸಮಾಧಾನದಿಂದ ಹೋಗಲಿ. ಹಸನಬ್ಬನವರು ಒಡನೆ ಹೊರಡುವಂತಿರಲಿಲ್ಲ. ಪಾಸ್‌ಪೋರ್ಟ್ ವೀಸಾದ ನವೀಕರಣಕ್ಕೆ ಹೋಗಿತ್ತು. ಸಹಿ ಹಾಕಬೇಕಾದ ಕಫೀಲ್, ಎಂದರೆ ವೀಸಾಕ್ಕೆ ಹೊಣೆಯಾದ ಒಮಾನಿ ಧಣಿ, ಪ್ರವಾಸದಲ್ಲಿದ್ದರು. ಶೇಖರ ಮಾತ್ರ ಶುಕ್ರವಾರದ ವಿಮಾನದಲ್ಲಿ ರಜೆಗೆ ಹೊರಟಿದ್ದ.

ನಾನು ಧ್ರುವದ ಕೋಣೆಗೆ ಹೋಗಿ ಅವರ ಎದುರು ಕುಳಿತೆ. ತಂಗಿಯ ಮಾತು ಸರಿಯೆಂದೆ. ದೇಹ ಸಿಗದೆ ಹೋದವರಿಗಾಗಿ ನಮ್ಮಲ್ಲಿ ಒಂದು ವಿಧಿಯಿದೆ. ಮುತ್ತುಗದ ಎಲೆಗಳಿಂದ ಮನುಷ್ಯಾಕೃತಿಯನ್ನು ಮಾಡಿ, ಅದನ್ನೇ ದೇಹವೆಂದು ಭಾವಿಸಿ ಸಂಸ್ಕಾರ ಮಾಡುತ್ತೇವೆ ಎಂದು ವಿವರಿಸಿದೆ.

"ಇಲ್ಲದ ದೇಹವನ್ನು ಶಾಸ್ತ್ರವೇ ಎಲೆಯಲ್ಲಿ ಬರೆಯಲು ಒಪ್ಪಿದೆ, ಹಸನಬ್ಬನವರೇ. ಸೂರಿನಲ್ಲಿ ಒಂದು ಕಬರ್ ಸಿಕ್ಕಿತೆಂದರೆ ಯಾರಿಗೆ ಹಾನಿ?"

ಅವರು ಪೆನ್ನನ್ನು ಕೆಳಗಿಟ್ಟರು. "ಅದು ಎಲೆ ಅಂತ ಮಾಡಿದವನಿಗೂ ಗೊತ್ತುಂಟು, ನೋಡಿದವನಿಗೂ ಗೊತ್ತುಂಟು ಅಲ್ವಾ ಭಟ್ರೇ? ಅದು ನಮ್ಮ ನಕಾಶೆಯಲ್ಲಿ ಚುಕ್ಕೆಗೆರೆ ಹಾಕಿದ ಹಾಗೆ. ಊಹೆ ಅಂತ ಹೇಳಿಯೇ ಹಾಕುವುದು. ಎಲೆಯನ್ನು ಉಪ್ಪ ಅಂತ ಉಮ್ಮನ ಕೈಗೆ ಕೊಟ್ರೆ?"

ಗುರುವಾರ ಸಂಜೆ ಅವರು ನನ್ನನ್ನು ತಾವು ವಾಸವಿದ್ದ ಕೋಣೆಗೆ ಕರೆದರು. ಗೋಡೆಗೊರಗಿ ಕುಳಿತಿದ್ದರು, ಮೈಮೇಲೆ ಆ ಸ್ವೆಟರ್. ಅದರ ಎಡದ ತೋಳು ಮೊಣಕೈಯ ಮೇಲೆಯೇ ಮುಗಿದುಹೋಗಿತ್ತು. ಬಿಚ್ಚಿದ ಉಣ್ಣೆಯ ದಾರವನ್ನು ಅವರು ಒಂದು ದಪ್ಪ ಹಾಳೆಯ ಮೇಲೆ ಅಂಟಿಸಿದ್ದರು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಣ್ಣಿಲ್ಲದ ತಾಯಿಗಾಗಿ ಬೆರಳಿಂದ ಓದುವ ನಕಾಶೆಯೊಂದನ್ನು ಅವರು ಮಾಡಿದ್ದರು. ಹಾಳೆಯ ಬಲಗಡೆ ಊರಿನ ಕಡಲಕರೆಗೆ ಒಂದು ಗಂಟು. ಅಲ್ಲಿಂದ ಮೇಲಂಚಿನ ಗುಂಟ ಎಡಕ್ಕೆ ಹೋದ ದಾರ, ಮಸ್ಕತ್ತಿನಲ್ಲಿ ಒಂದು ಗಂಟು, ಸೂರಿನಲ್ಲಿ ಒಂದು ಚಿಕ್ಕ ಗಂಟು. ರಾಸ್ ಅಲ್ ಹದ್ದಿನ ಆಚೆ, ಹಾಯಿ ಕಂಡ ಕಡೆ, ದಾರ ಮುಗಿದು, ಅಲ್ಲಿಂದ ಊರಿನ ದಿಕ್ಕಿಗೆ ಸೂಜಿಯಿಂದ ಚುಚ್ಚಿ ಉಬ್ಬಿಸಿದ ಏಳೆಂಟು ಚುಕ್ಕೆಗಳು. ಆಮೇಲೆ ಬರಿಯ ನುಣುಪು ಹಾಳೆ.

"ಇಷ್ಟು ಚಿಕ್ಕದೇಕೆ ಮಾಡಿದಿರಿ?"

"ಉಮ್ಮನ ಕೈ ಚಿಕ್ಕದು ಭಟ್ರೇ."

ಕ್ಯಾಸೆಟ್ಟಿನಲ್ಲಿ ಸದ್ದು ಸೇರಬಾರದೆಂದು ಅವರು ಏಸಿಯನ್ನು ಆರಿಸಿ, ಟೇಪ್‌ರೆಕಾರ್ಡರಿನ ಗುಂಡಿಯೊತ್ತಿದರು. ಬ್ಯಾರಿಭಾಷೆಯಲ್ಲಿ ನಿಧಾನವಾಗಿ ಹೇಳುತ್ತ ಹೋದರು. ನೆರೆಹೊರೆಯ ಬಳಕೆಯಿಂದ ಅದು ನನಗೂ ಅರ್ಥವಾಗುತ್ತಿತ್ತು. ಉಮ್ಮ, ಬೆರಳಿಡು. ಇದು ನಮ್ಮ ಕಡಲಕರೆ. ನೀನು ನಿಂತು ನೋಡಿದ ಜಾಗ. ಮೆಲ್ಲ ಬಾ, ಅವಸರವಿಲ್ಲ. ಇದು ಮಸ್ಕತ್ತು, ನಾನಿರುವ ಊರು. ಉಪ್ಪ ಇದರ ಮುಂದಿನಿಂದಲೇ ಹೋಗಿದ್ದಾರೆ. ಇದು ಸೂರ್, ಇಲ್ಲಿ ನೀರು ತುಂಬಿಸಿದರು, ಆ ಬಾವಿಯ ನೀರನ್ನು ನಾನೂ ಕುಡಿದೆ, ಸಿಹಿಯಾಗಿದೆ. ಇನ್ನು ಬರುವುದು ಚುಕ್ಕೆಗಳು, ಉಮ್ಮ. ಇದು ಉಪ್ಪ ಹೋಗಿರಬಹುದಾದ ದಾರಿ. ಮುಖ ಊರಿನ ಕಡೆಗಿತ್ತು; ಅದನ್ನು ಕಂಡವರಿದ್ದಾರೆ. ಚುಕ್ಕೆ ಮುಗಿಯಿತಾ? ಇಲ್ಲಿಂದ ಮುಂದೆ ನನಗೆ ಗೊತ್ತಿಲ್ಲ, ಉಮ್ಮ.

ಮುಖದಿಂದ ಬೆವರು ಧಾರೆಯಾಗಿ ಇಳಿಯುತ್ತಿದ್ದರೂ ಅವರು ಒರೆಸಿಕೊಳ್ಳಲಿಲ್ಲ.

ಆ ಕೊನೆಯ ವಾಕ್ಯವನ್ನು ನಾನು ತಾಳಲಾರದೆ ಹೋದೆ. ಸಾಯುತ್ತಿರುವ ತಾಯಿಗೆ ಮಗ ಕಳಿಸಬಹುದಾದ ಮಾತೇ ಇದು ಎಂದು ದಾರಿಯುದ್ದಕ್ಕೂ ಮನಸ್ಸು ಕುದಿಯಿತು. ಮನೆಗೆ ಬಂದವನೇ ಬೀಫಾತಿಮಳಿಗೆ ಒಂದು ಕಾಗದ ಬರೆದೆ. ಸೂರಿನಲ್ಲಿ ಕಬರ್ ಸಿಕ್ಕಿದೆ, ಸಮುದ್ರಕ್ಕೆ ಸಮೀಪದಲ್ಲಿದೆ, ಊರವರು ಶುಚಿಯಾಗಿಟ್ಟಿದ್ದಾರೆ, ಅಣ್ಣ ಅಲ್ಲಿ ಪ್ರಾರ್ಥನೆ ಮಾಡಿ ಬಂದಿದ್ದಾನೆ. ಇಷ್ಟು ಸಾಲದೆಂದು ತೋರಿ, ನಾನೆಂದೂ ಕಾಣದ ಆ ಕಬರಿಗೆ ಒಂದು ಬೇವಿನ ಮರದ ನೆರಳನ್ನೂ ಕೊಟ್ಟೆ. ಬೆಳಿಗ್ಗೆ, ಆ ನಕಾಶೆ ಕ್ಯಾಸೆಟ್ಟುಗಳನ್ನು ಒಯ್ಯುತ್ತಿದ್ದ ಶೇಖರನನ್ನು ಬೀಳ್ಕೊಡುವಾಗ ದೇವರ ಪ್ರಸಾದದ ಪೊಟ್ಟಣದೊಂದಿಗೆ ಆ ಲಕೋಟೆಯನ್ನು ಅವನ ಕೈಗಿತ್ತು, ಹಸನಬ್ಬನವರಿಗೆ ಹೇಳಬಾರದೆಂದೆ. ಅಂದಿನ ಪೂಜೆಯಲ್ಲಿ ನನ್ನ ಮನಸ್ಸು ನಿಲ್ಲಲಿಲ್ಲ. ಆದರೂ ಮಾಡಿದ್ದು ಪುಣ್ಯವೆಂದೇ ನಂಬಿದ್ದೆ.

ಇಪ್ಪತ್ತು ದಿನಗಳ ಮೇಲೆ ಬೀಫಾತಿಮಳ ಉತ್ತರ ನನ್ನ ಹೆಸರಿಗೆ ಬಂತು. ಅದನ್ನು ನನ್ನ ಬಳಿ ಇಟ್ಟುಕೊಳ್ಳುವ ಅಧಿಕಾರ ನನಗಿಲ್ಲವೆಂದು ತಿಳಿದು ಧ್ರುವದ ಕೋಣೆಗೆ ಹೋಗಿ, ನಡೆದದ್ದನ್ನೆಲ್ಲ ಹೇಳಿ, ಕಾಗದವನ್ನು ಅವರ ಮುಂದಿಟ್ಟೆ. ತಾಯಿ ತೀರಿಕೊಂಡ ಸುದ್ದಿ ಅವರಿಗೆ ಫೋನಿನಲ್ಲಿ ಆಗಲೇ ತಲುಪಿತ್ತು. ಅವರು ಎದ್ದು ಕೈ ತೊಳೆದು ಬಂದು ಓದಿದರು. ಓದಿ ಮುಗಿಸಿ, ನನಗೆ ಕೇಳಿಸುವಂತೆ ಮತ್ತೊಮ್ಮೆ ಓದಿದರು.

"ಭಟ್ಟರಿಗೆ ಬೀಫಾತಿಮಳ ನಮಸ್ಕಾರ. ನಿಮ್ಮ ಕಾಗದವನ್ನೇ ನಾನು ಮೊದಲು ಉಮ್ಮನಿಗೆ ಓದಿದೆ. ಸಂತೋಷಪಡುತ್ತಾರೆಂದುಕೊಂಡೆ. ಅವರು ಅಣ್ಣನ ಕ್ಯಾಸೆಟ್ ಹಾಕು ಎಂದರು. ಅಣ್ಣ ಹೇಳಿದ ಹಾಗೆ ಬೆರಳಿಟ್ಟುಕೊಂಡು ಹೋದರು. ಸೂರಿನಲ್ಲಿ ಬೆರಳು ನಿಲ್ಲಿಸಿ, ಇಲ್ಲಿ ಬಾವಿಯ ಗಂಟು ಮಾತ್ರ ಉಂಟು, ಕಬರಿನ ಗುರುತು ಇಲ್ಲ, ಭಟ್ರು ಒಳ್ಳೆಯವರು, ನನಗೆ ಸಂಕಟ ಆಗಬಾರದು ಅಂತ ಬರೆದಿದ್ದಾರೆ, ನನ್ನ ಮಗನಿಗೆ ಸುಳ್ಳು ಗೆರೆ ಎಳೆಯಲಿಕ್ಕೆ ಬರುವುದಿಲ್ಲ ಎಂದರು. ಆಮೇಲೆ ಚುಕ್ಕೆಗಳನ್ನು ಮುಟ್ಟಿದರು. ಚುಕ್ಕೆ ಮುಗಿದ ಮೇಲೆ ಇಲ್ಲಿ ಎಂತ ಉಂಟು ಎಂದು ಕೇಳಿದರು. ಏನೂ ಇಲ್ಲ ಉಮ್ಮ, ನುಣ್ಣಗೆ ಉಂಟು, ಆ ಕಡೆ ನಮ್ಮ ಕಡಲಕರೆಯ ಗಂಟು ಎಂದೆ. ಅವರು ಆ ನುಣುಪಿನ ಮೇಲೆ ಅಂಗೈ ಇಟ್ಟರು. ಅಂಗೈಗೆ ಸರಿಯಾಯಿತು. ಇಷ್ಟೇ ಜಾಗವಾ, ನಾನು ಇಡೀ ಕಡಲು ಅಂತ ಎಣಿಸಿದ್ದೆ ಎಂದರು. ಕೈ ತೆಗೆಯದೆ ದುವಾ ಮಾಡಿದರು. ಆ ದಿನ ಅರ್ಧ ಲೋಟ ಗಂಜಿ ಕುಡಿದರು. ಮತ್ತೆ ಒಂಬತ್ತು ದಿನ ಇದ್ದರು. ಒಮ್ಮೆಯೂ ಕೇಳಲಿಲ್ಲ."

ನಾನು ತಲೆಯೆತ್ತಲಾರದೆ, "ಅಪರಾಧವಾಯಿತು" ಎಂದೆ.

ಅವರು ಕಾಗದವನ್ನು ಮಡಚಿ, ಕಣ್ಣೊರೆಸಿಕೊಂಡು, ಕೊನೆಗೆ ನಸುನಕ್ಕರು.

"ನೀವೂ ಧ್ರುವದಲ್ಲಿ ಆ ಬೆಟ್ಟ ಬರೆದವನ ಜಾತಿಯೇ ಭಟ್ರೇ. ಬೇವಿನ ಮರ ಬೇರೆ ನೆಟ್ಟಿದ್ದೀರಿ."

ಅಷ್ಟೇ. ಇನ್ನೆಂದೂ ಅವರು ಅದನ್ನು ಎತ್ತಲಿಲ್ಲ. ಎಡದ ತೋಳಿಲ್ಲದ ಆ ಸ್ವೆಟರನ್ನೇ ತೊಟ್ಟುಕೊಂಡು ಕೆಲಸ ಮಾಡಿದರು. ಯಾರಾದರೂ ಕೇಳಿದರೆ, "ಈ ಕೈಯಿಂದ ನಾನು ಬರೆಯುವುದಿಲ್ಲ, ಚಳಿಯಾದ್ರೂ ಅಡ್ಡಿಯಿಲ್ಲ" ಎನ್ನುತ್ತಿದ್ದರು.

ಆ ದಶಕದ ನಡುವೆ ನಮ್ಮ ಆಫೀಸಿಗೆ ಕಂಪ್ಯೂಟರುಗಳು ಬಂದವು. ನಕಾಶೆ ಬರೆಯುವವರು ಬೇಡವಾದರು. ಅವರು ಹೊರಡುವ ಮುನ್ನಾದಿನ ನನ್ನನ್ನು ಕಾಣಲು ಬಂದು, ಹದಿನೇಳು ಹಾಳೆಗಳಲ್ಲಿ ಅತ್ಯಂತ ಹಳೆಯದನ್ನು ಸುರುಳಿ ಸುತ್ತಿ ಕೊಟ್ಟರು. "ಮೇರು ನಿಮ್ಮಲ್ಲಿರಲಿ. ಉಳಿದ ಹದಿನಾರು ನನಗೆ ಸಾಕು." ಬೀಳ್ಕೊಡುವಾಗ ಅವರ ಕೈಯನ್ನು ನನ್ನೆರಡೂ ಕೈಗಳಲ್ಲಿ ಹಿಡಿದುಕೊಂಡೆ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅದು ಬೆಚ್ಚಗಿತ್ತು. ಧ್ರುವದ ಕೋಣೆಯ ಏಸಿಯನ್ನು ಆರಿಸಿ ಆಗಲೇ ಎರಡು ವಾರಗಳಾಗಿದ್ದವು.

ಊರಿನಿಂದ ಅವರು ನನಗೆ ಮೂರು ಕಾಗದ ಬರೆದರು. ಮೂರನೆಯದರಲ್ಲಿ ಮನೆ ಬದಲಾಯಿಸುವುದುಂಟೆಂದೂ ಹೊಸ ವಿಳಾಸವನ್ನು ತಿಳಿಸುವೆನೆಂದೂ ಇತ್ತು. ಅದು ಬರಲಿಲ್ಲ. ನಾನು ನಿವೃತ್ತನಾಗಿ ಮರಳಿದ ಮೇಲೆ ಹಳೆಯ ವಿಳಾಸಕ್ಕೆ ಹೋಗಿ ನೋಡಿದೆ; ಅಲ್ಲಿ ಬೇರೆಯವರಿದ್ದರು. ಬೀಫಾತಿಮಳ ಗಂಡನ ಮನೆ ಯಾವ ಊರೆಂದು ಅವರಿಗೆ ಗೊತ್ತಿರಲಿಲ್ಲ. ಹಸನಬ್ಬನವರು ತೆಂಕಣ ದಿಕ್ಕಿನ ಬಸ್ಸು ಹತ್ತಿದ್ದನ್ನು ಕಂಡೆನೆಂದು ಪಕ್ಕದ ಅಂಗಡಿಯವನು ಹೇಳಿದ.

ಮೇರುವಿನ ಆ ಹಾಳೆ ನನ್ನ ದೇವರ ಕೋಣೆಯಲ್ಲಿದೆ. ಎಂಬತ್ತು ದಾಟಿದ ನಾನು ಈಗಲೂ ಜಪದ ಕೊನೆಯಲ್ಲಿ ಆ ಪರ್ವತವನ್ನು ಧ್ಯಾನಿಸುತ್ತೇನೆ. ಹಸನಬ್ಬನವರು ಎಲ್ಲಿದ್ದಾರೆ, ಇದ್ದಾರೆಯೇ ಎಂದು ಆಗ ಮನಸ್ಸು ಕೇಳುತ್ತದೆ. ಹಿಂದಿನ ಚಾಳಿಯಿಂದ ಅವರಿಗೊಂದು ಮನೆಯನ್ನು, ಮನೆಯ ಮುಂದೊಂದು ಮರವನ್ನು ಕಟ್ಟಿಕೊಡಲು ಹೊರಡುತ್ತೇನೆ, ಕೂಡಲೇ ತಡೆದುಕೊಳ್ಳುತ್ತೇನೆ. ಮೂರನೆಯ ಕಾಗದದವರೆಗೆ ದಾರ. ಬಸ್ಸಿನವರೆಗೆ ಚುಕ್ಕೆ. ಅಲ್ಲಿಂದ ಮುಂದೆ ಬರಿಯ ಅಂಗೈಯನ್ನಿಟ್ಟು, ಅವರ ತಾಯಿ ಮಾಡಿದಂತೆ, ಅವರಿಗಾಗಿ ಪ್ರಾರ್ಥಿಸುತ್ತೇನೆ.